ಬಿಡಿಸಿದ ಲೆಕ್ಕ ಅರ್ಥವಾಗುತ್ತದೆ, ಹೊಸ ಲೆಕ್ಕ ಬಂದರೆ ಕೈ ಓಡುವುದಿಲ್ಲ

ಪ್ರಶ್ನೆ: ನಾನು ಎಂಜಿನಿಯರಿಂಗ್ ಪದವಿಯ ಮೊದಲ ವರ್ಷ ಮುಗಿಸಿದ್ದೇನೆ. ಶಾಲೆಯಲ್ಲಿ ಗಣಿತದಲ್ಲಿ ಸದಾ ಮುಂದಿದ್ದೆ. ಇಲ್ಲಿ ಗಣಿತ, ಮೆಕ್ಯಾನಿಕ್ಸ್ ಎರಡರಲ್ಲೂ ಅನುತ್ತೀರ್ಣಳಾಗಿದ್ದೇನೆ. ದಿನವೂ ತಡರಾತ್ರಿಯವರೆಗೆ ಓದುತ್ತೇನೆ. ಬಿಡಿಸಿದ ಲೆಕ್ಕಗಳನ್ನು ನೋಡುವಾಗ ಪ್ರತಿ ಹೆಜ್ಜೆಯೂ ಅರ್ಥವಾಗುತ್ತದೆ. ಪರೀಕ್ಷೆಯಲ್ಲಿ ಹೊಸ ಲೆಕ್ಕ ಬಂದರೆ ಎಲ್ಲಿಂದ ಆರಂಭಿಸಬೇಕೆಂದೇ ತೋಚುವುದಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಎಲ್ಲವನ್ನೂ ಸಾಫ್ಟ್‌ವೇರ್ ಮಾಡುತ್ತದೆ, ಗಣಿತಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡ ಎಂದು ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ. ನಾನು ಓದುವ ರೀತಿ ತಪ್ಪೇ, ಅಥವಾ ಈ ಕ್ಷೇತ್ರವೇ ನನಗೆ ಹೇಳಿದ್ದಲ್ಲವೇ?

ಉತ್ತರ: ಓದುವ ರೀತಿ ತಪ್ಪು. ಕ್ಷೇತ್ರ ನಿಮಗೆ ಹೇಳಿದ್ದೋ ಅಲ್ಲವೋ ಎಂಬುದು ಆ ರೀತಿಯನ್ನು ಬದಲಿಸಿದ ನಂತರವಷ್ಟೇ ತಿಳಿಯುತ್ತದೆ. ಈಗ ತೀರ್ಮಾನಿಸುವುದು ಅವಸರ.

ನಿಮ್ಮ ತೊಂದರೆ ಎಲ್ಲಿದೆ ಎಂಬುದನ್ನು ನೀವೇ ನಿಖರವಾಗಿ ಬರೆದಿದ್ದೀರಿ. ಹೆಜ್ಜೆಗಳು ಅರ್ಥವಾಗುತ್ತವೆ, ಆರಂಭ ತೋಚುವುದಿಲ್ಲ. ಶಾಲೆಯಲ್ಲಿ ಲೆಕ್ಕ ನಿಮ್ಮ ಮುಂದೆ ಸಮೀಕರಣವಾಗಿಯೇ ಬರುತ್ತಿತ್ತು, ಅದನ್ನು ಬಿಡಿಸುವುದರಲ್ಲಿ ನೀವು ನಿಪುಣರಾಗಿದ್ದಿರಿ. ಇಲ್ಲಿ ಲೆಕ್ಕ ಒಂದು ವಸ್ತುವಾಗಿ ಬರುತ್ತದೆ: ಒಂದು ತೊಲೆ, ಒಂದು ಪಂಪು, ಒಂದು ಸರ್ಕ್ಯೂಟ್. ಅದರಿಂದ ಸಮೀಕರಣವನ್ನು ಹೊರಡಿಸುವುದು ನಿಮ್ಮ ಕೆಲಸ. ಪುಸ್ತಕದಲ್ಲಿ ಬಿಡಿಸಿ ಕೊಟ್ಟ ಲೆಕ್ಕದಲ್ಲಿ ಈ ಕೆಲಸ ಮೊದಲ ಎರಡು ಸಾಲುಗಳಲ್ಲೇ ಸದ್ದಿಲ್ಲದೆ ಮುಗಿದಿರುತ್ತದೆ. ಉಳಿದ ಹತ್ತು ಸಾಲು ನಿಮಗೆ ಮೊದಲೇ ಗೊತ್ತಿದ್ದ ಬೀಜಗಣಿತ. ಅದನ್ನು ಓದಿ ‘ಅರ್ಥವಾಯಿತು’ ಎನ್ನಿಸುವುದು ಸಹಜ. ದಾರಿ ಬಲ್ಲವರ ಬೆನ್ನಿಗೆ ನಡೆದು ಊರು ಸೇರಿದವರಿಗೆ ಆ ದಾರಿ ಸುಲಭವೆನ್ನಿಸುತ್ತದೆ. ಮರುದಿನ ಒಬ್ಬರೇ ಹೊರಟಾಗ ಮೊದಲ ಕವಲಿನಲ್ಲೇ ನಿಲ್ಲಬೇಕಾಗುತ್ತದೆ. ನೀವು ನಿಂತಿರುವುದು ಅಂಥ ಕವಲಿನಲ್ಲಿ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ದಯವಿಟ್ಟು ಕಾಗದ, ಪೆನ್ಸಿಲ್ ಹಿಡಿದು ಓದಿ. ನುಣುಪಾದ ಗೋಡೆಗೆ ಒಂದು ಏಣಿ ಒರಗಿದೆ. ನೆಲದೊಂದಿಗೆ 60 ಡಿಗ್ರಿ ಕೋನದಲ್ಲಿದೆ. ಏಣಿಗೂ ನೆಲಕ್ಕೂ ನಡುವಿನ ಘರ್ಷಣಾ ಗುಣಾಂಕ 0.3, ಅಂದರೆ ನೆಲ ಮೇಲಕ್ಕೆ ತಳ್ಳುವ ಬಲದ 0.3 ಪಾಲಿನವರೆಗೆ ಘರ್ಷಣೆ ಸಿಗಬಲ್ಲದು. ಏಣಿ ನಿಲ್ಲುತ್ತದೆಯೇ, ಜಾರುತ್ತದೆಯೇ?

ಹೆಚ್ಚಿನ ವಿದ್ಯಾರ್ಥಿಗಳು ತಕ್ಷಣ ಸೂತ್ರ ಹುಡುಕಲು ಹೊರಡುತ್ತಾರೆ. ಅದನ್ನು ಮಾಡಬೇಡಿ. ಗೋಡೆಯನ್ನೂ ನೆಲವನ್ನೂ ಅಳಿಸಿಹಾಕಿ, ಏಣಿಯೊಂದನ್ನೇ ಬರೆಯಿರಿ. ಬಳಿಕ ಕೇಳಿಕೊಳ್ಳಿ: ಈ ಏಣಿಯನ್ನು ಯಾರ್‍ಯಾರು ಎಳೆಯುತ್ತಿದ್ದಾರೆ, ತಳ್ಳುತ್ತಿದ್ದಾರೆ? ಭೂಮಿ ಅದನ್ನು ನಡುಮಧ್ಯದಲ್ಲಿ ಕೆಳಕ್ಕೆ ಎಳೆಯುತ್ತಿದೆ. ಅದು ಏಣಿಯ ತೂಕ. ನೆಲ ಅದನ್ನು ಬುಡದಲ್ಲಿ ಮೇಲಕ್ಕೆ ತಳ್ಳುತ್ತಿದೆ. ಅದೇ ನೆಲ ಘರ್ಷಣೆಯ ಮೂಲಕ ಬುಡವನ್ನು ಗೋಡೆಯ ಕಡೆಗೆ ಹಿಡಿದಿದೆ. ಗೋಡೆ ತುದಿಯನ್ನು ಅಡ್ಡವಾಗಿ ಹೊರಕ್ಕೆ ತಳ್ಳುತ್ತಿದೆ; ಗೋಡೆ ನುಣುಪಾಗಿರುವುದರಿಂದ ಮೇಲೆ ಕೆಳಗೆ ಹಿಡಿಯಲಾರದು. ಅಷ್ಟೇ, ಒಟ್ಟು ನಾಲ್ಕು ಬಾಣಗಳು. ಇದನ್ನೇ ಫ್ರೀ ಬಾಡಿ ಡಯಾಗ್ರಾಮ್ ಎನ್ನುತ್ತಾರೆ. ತೂಕವನ್ನು ಬಿಟ್ಟರೆ ತಿಳಿಯದ ಬಲಗಳು ಮೂರು. ಒಂದೇ ಸಮತಲದಲ್ಲಿ ಸಮತೋಲನದ ಸಮೀಕರಣಗಳೂ ಮೂರು: ಅಡ್ಡ ಬಲಗಳ ಮೊತ್ತ ಸೊನ್ನೆ, ಲಂಬ ಬಲಗಳ ಮೊತ್ತ ಸೊನ್ನೆ, ಯಾವುದಾದರೊಂದು ಬಿಂದುವಿನ ಸುತ್ತ ತಿರುಗಿಸುವ ಪ್ರಭಾವದ (ಮೊಮೆಂಟ್) ಮೊತ್ತ ಸೊನ್ನೆ. ಲೆಕ್ಕ ಬಿಡಿಸಲು ಬರುತ್ತದೆ ಎಂಬುದು ಬಿಡಿಸುವ ಮೊದಲೇ ಖಚಿತವಾಯಿತು. ಬುಡದ ಸುತ್ತ ಮೊಮೆಂಟ್ ತೆಗೆದುಕೊಂಡರೆ ಎರಡು ಬಲಗಳು ತಾವಾಗಿಯೇ ಬಿಟ್ಟುಹೋಗುತ್ತವೆ, ಗೋಡೆಯ ಬಲ ನೇರವಾಗಿ ಸಿಗುತ್ತದೆ. ಘರ್ಷಣೆಯೂ ಅಷ್ಟೇ ಇರಬೇಕು: ತೂಕವನ್ನು, ಕೋನದ ಟ್ಯಾಂಜೆಂಟ್‌ನ ಎರಡರಷ್ಟರಿಂದ ಭಾಗಿಸಿದಷ್ಟು. 60 ಡಿಗ್ರಿಗೆ ಅದು ತೂಕದ 0.289 ಪಾಲು. ನೆಲ ಮೇಲಕ್ಕೆ ತಳ್ಳುವ ಬಲ ತೂಕದಷ್ಟೇ ಇರುವುದರಿಂದ, ಅದು ಕೊಡಬಲ್ಲ ಘರ್ಷಣೆ 0.3 ಪಾಲು. ಏಣಿ ನಿಲ್ಲುತ್ತದೆ, ಆದರೆ ಕೂದಲೆಳೆಯ ಅಂತರದಲ್ಲಿ.

ಇಲ್ಲಿಗೆ ಪುಸ್ತಕ ಮುಂದಿನ ಲೆಕ್ಕಕ್ಕೆ ಹೋಗುತ್ತದೆ. ನೀವು ಹೋಗಬೇಡಿ, ಕಲಿಕೆ ಇರುವುದು ಇಲ್ಲಿಂದ ಮುಂದೆ. ಉತ್ತರದಲ್ಲಿ ಏಣಿಯ ಉದ್ದ ಏಕೆ ಇಲ್ಲ? ಕೋನ 90 ಡಿಗ್ರಿಗೆ ಹತ್ತಿರವಾದರೆ ಬೇಕಾದ ಘರ್ಷಣೆ ಸೊನ್ನೆಯಾಗುತ್ತದೆ, ಏಣಿ ಮಲಗುತ್ತ ಬಂದರೆ ಮಿತಿಯಿಲ್ಲದೆ ಏರುತ್ತದೆ. ಇದು ನಿಮ್ಮ ಅನುಭವಕ್ಕೆ ಹೊಂದುತ್ತದೆಯೇ? ಈಗ ಏಣಿಯ ನಾಲ್ಕರಷ್ಟು ತೂಕದ ಮನುಷ್ಯನೊಬ್ಬ ಹತ್ತಲಿ. ಅದೇ ಚಿತ್ರಕ್ಕೆ ಇನ್ನೊಂದು ಬಾಣ ಸೇರಿಸಿ ಬಿಡಿಸಿದರೆ, ಅವನು ಏಣಿಯ ಅರ್ಧವನ್ನು ತುಸು ದಾಟುತ್ತಿದ್ದಂತೆಯೇ ಬುಡ ಜಾರುತ್ತದೆ ಎಂದು ಕಾಣುತ್ತದೆ. ತಾನಾಗಿ ನಿಂತಿದ್ದ ಏಣಿ ಮನುಷ್ಯನನ್ನು ತುದಿಯವರೆಗೆ ಒಯ್ಯಲಾರದು. ಕೊನೆಯದಾಗಿ, ಗೋಡೆಯೂ ಒರಟಾಗಿದ್ದರೆ? ತಿಳಿಯದ ಬಲಗಳು ನಾಲ್ಕಾದವು, ಸಮೀಕರಣಗಳು ಮೂರೇ. ಸಮತೋಲನವೊಂದರಿಂದಲೇ ಈ ನಾಲ್ಕನ್ನೂ ಪತ್ತೆಮಾಡಲು ಆಗುವುದಿಲ್ಲ. ವಸ್ತು ಎಷ್ಟು ಬಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತಂದು ಇಂಥ ಪ್ರಶ್ನೆಗಳನ್ನು ಬಿಡಿಸುವುದನ್ನು ನೀವು ಎರಡನೆಯ ವರ್ಷದಲ್ಲಿ ಕಲಿಯುತ್ತೀರಿ. ಆ ವಿಷಯ ಏಕೆ ಬೇಕು ಎಂಬ ಪ್ರಶ್ನೆಗೆ ಈ ಏಣಿಯೇ ಉತ್ತರ. ಹೀಗೆ ಒಂದು ಲೆಕ್ಕದ ಜೊತೆ ಒಂದು ಗಂಟೆ ಕುಳಿತವರು, ಅದೇ ಗಂಟೆಯಲ್ಲಿ ಬಿಡಿಸಿದ ಇಪ್ಪತ್ತು ಲೆಕ್ಕ ಓದಿದವರಿಗಿಂತ ಮುಂದೆ ಹೋಗಿರುತ್ತಾರೆ.

ಈ ಬಾಣಗಳ ಚಿತ್ರ ಮೊದಲ ವರ್ಷದ ಪರೀಕ್ಷೆಗಷ್ಟೇ ಸೇರಿದ್ದು ಎಂದು ಭಾವಿಸಬೇಡಿ. 1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾದಿಗಳು ಕುಸಿದು 114 ಮಂದಿ ಸತ್ತರು. ಒಂದರ ಕೆಳಗೊಂದು ಇದ್ದ ಎರಡು ಹಾದಿಗಳನ್ನು ಚಾವಣಿಯಿಂದ ಇಳಿದ ಉದ್ದನೆಯ ಉಕ್ಕಿನ ಸರಳುಗಳಿಗೆ ತೂಗುಹಾಕುವುದು ಮೊದಲ ವಿನ್ಯಾಸವಾಗಿತ್ತು. ಕಟ್ಟುವಾಗ ಅದನ್ನು ಬದಲಿಸಿ, ಮೇಲಿನ ಹಾದಿಯನ್ನು ಚಾವಣಿಗೂ ಕೆಳಗಿನ ಹಾದಿಯನ್ನು ಮೇಲಿನ ಹಾದಿಗೂ ತೂಗುಹಾಕಿದರು. ನೋಡುವವರಿಗೆ ಸಣ್ಣ ಬದಲಾವಣೆ. ಆದರೆ ಮೇಲಿನ ಹಾದಿಯ ತೊಲೆಯ ಕೆಳಗಿದ್ದ ನಟ್ ಮೊದಲು ಒಂದು ಹಾದಿಯ ಭಾರವನ್ನು ಹೊರಬೇಕಿತ್ತು, ಈಗ ಎರಡನ್ನೂ ಹೊರಬೇಕಾಯಿತು. ಆ ಒಂದು ಜೋಡಣೆಯನ್ನು ಬೇರೆಯಾಗಿ ಬರೆದು ಬಾಣಗಳನ್ನು ಎಳೆದಿದ್ದರೆ, ಭಾರ ಇಮ್ಮಡಿಯಾದದ್ದು ಒಂದೆರಡು ನಿಮಿಷದಲ್ಲಿ ಕಾಣುತ್ತಿತ್ತು. ಅದಕ್ಕೆ ಬೇಕಾದ ಗಣಿತ ನಿಮ್ಮ ಮೊದಲ ಸೆಮಿಸ್ಟರಿನದು. ಪಾಠದಲ್ಲಿ ಈ ಚಿತ್ರಕ್ಕೆ ಅಷ್ಟೊಂದು ಒತ್ತು ಕೊಡುವಾಗ, ಅಂಕ ಕತ್ತರಿಸುವಾಗ, ಅಧ್ಯಾಪಕರು ಹಟ ಮಾಡುತ್ತಿದ್ದಾರೆ ಎನ್ನಿಸಿದರೆ ಆ ನಟ್ಟನ್ನು ನೆನಪಿಸಿಕೊಳ್ಳಿ.

ಈಗ ಓದುವ ರೀತಿಗೆ ಬರೋಣ. ಲೆಕ್ಕವನ್ನು ಓದಿದೊಡನೆ ಉತ್ತರದ ಭಾಗವನ್ನು ಕಾಗದದಿಂದ ಮುಚ್ಚಿ. ಮೊದಲು ಚಿತ್ರ, ಆಮೇಲೆ ತಿಳಿದದ್ದು ಮತ್ತು ತಿಳಿಯದ್ದರ ಪಟ್ಟಿ, ಆಮೇಲೆ ಯಾವ ನಿಯಮ ಇಲ್ಲಿ ಅನ್ವಯಿಸುತ್ತದೆ ಎಂಬ ಒಂದು ವಾಕ್ಯ. ಇವಿಷ್ಟನ್ನು ಬರೆಯದೆ ಉತ್ತರವನ್ನು ನೋಡಬಾರದು. ಇಪ್ಪತ್ತು ನಿಮಿಷ ಒದ್ದಾಡಿದರೂ ದಾರಿ ಕಾಣದಿದ್ದರೆ ಒಂದೇ ಒಂದು ಸಾಲನ್ನು ತೆರೆದು ನೋಡಿ, ಮತ್ತೆ ಮುಚ್ಚಿ. ಪೂರ್ತಿ ಉತ್ತರವನ್ನು ನೋಡಬೇಕಾಗಿ ಬಂದರೆ, ಮರುದಿನ ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮೊದಲಿನಿಂದ ಮಾಡಬೇಕು. ಆರಂಭದ ವಾರಗಳಲ್ಲಿ ಇದು ಹಿಂಸೆಯಾಗುತ್ತದೆ, ವೇಗ ಕುಸಿಯುತ್ತದೆ, ಸಹಪಾಠಿಗಳು ಮೂರು ಅಧ್ಯಾಯ ಮುಂದಿರುತ್ತಾರೆ. ಆದರೂ ಬಿಡಬೇಡಿ, ಪರೀಕ್ಷಾ ಕೊಠಡಿಯಲ್ಲಿ ಮಾಡಬೇಕಾದ ಕೆಲಸವನ್ನು ನೀವು ಮೊದಲ ಬಾರಿಗೆ ಅಭ್ಯಾಸ ಮಾಡುತ್ತಿರುತ್ತೀರಿ.

ಇನ್ನೊಂದು ಬದಲಾವಣೆ ಅಷ್ಟೇ ಮುಖ್ಯ. ಘರ್ಷಣೆಯ ಅಧ್ಯಾಯದ ಕೊನೆಯಲ್ಲಿರುವ ಎಲ್ಲ ಲೆಕ್ಕಗಳೂ ಘರ್ಷಣೆಯವೇ ಆಗಿರುತ್ತವೆ. ಯಾವ ವಿಧಾನ ಬಳಸಬೇಕೆಂಬುದನ್ನು ಅಧ್ಯಾಯದ ಹೆಸರೇ ಹೇಳಿಬಿಡುತ್ತದೆ, ನೀವು ಆರಿಸಬೇಕಾಗಿಯೇ ಇಲ್ಲ. ಪರೀಕ್ಷೆಯಲ್ಲಿ ಆ ಹೆಸರು ಇರುವುದಿಲ್ಲ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವುದನ್ನು ಕಲಿಸಿದರು. ಒಂದು ಗುಂಪು ಒಂದೊಂದು ಬಗೆಯ ಲೆಕ್ಕಗಳನ್ನು ಒಟ್ಟಿಗೆ ಮಾಡಿತು, ಇನ್ನೊಂದು ಗುಂಪು ಎಲ್ಲವನ್ನೂ ಕಲಸಿ ಮಾಡಿತು. ಅಭ್ಯಾಸದ ವೇಳೆ ಮೊದಲ ಗುಂಪೇ ಮುಂದಿತ್ತು. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಕಲಸಿ ಮಾಡಿದವರು ಸರಾಸರಿ ಶೇ 63ರಷ್ಟು, ಒಟ್ಟಿಗೆ ಮಾಡಿದವರು ಶೇ 20ರಷ್ಟು ಸರಿಯುತ್ತರ ಕೊಟ್ಟರು. ಅಭ್ಯಾಸ ಸರಾಗವಾಗಿ ಸಾಗುತ್ತಿದೆ ಎಂಬುದು ಕಲಿಯುತ್ತಿದ್ದೇವೆ ಎನ್ನುವುದಕ್ಕೆ ಗುರುತಲ್ಲ; ಎಷ್ಟೋ ಬಾರಿ ಅದು ಎದುರು ದಿಕ್ಕಿನ ಗುರುತು. ಹಾಗಾಗಿ ವಾರಕ್ಕೊಮ್ಮೆ ಹಳೆಯ ಅಧ್ಯಾಯಗಳಿಂದ ನಾಲ್ಕೈದು ಲೆಕ್ಕಗಳನ್ನು ಚೀಟಿಗಳಲ್ಲಿ ಬರೆದು, ಯಾವ ಅಧ್ಯಾಯದ್ದೆಂದು ಗುರುತಿಸದೆ ಕಲಸಿ, ಕೈಗೆ ಬಂದದ್ದನ್ನು ಮಾಡಿ.

ತಡರಾತ್ರಿಯ ಓದನ್ನು ಇಂದೇ ನಿಲ್ಲಿಸಿ. ಹಗಲಿನಲ್ಲಿ ಕಲಿತದ್ದು ನೆಲೆಯೂರಲು ನಿದ್ರೆ ಬೇಕು, ಮತ್ತು ದಣಿದ ತಲೆ ಬಿಡಿಸಿದ ಲೆಕ್ಕವನ್ನು ಓದುವುದರ ಕಡೆಗೇ ಜಾರುತ್ತದೆ. ಖಾಲಿ ಹಾಳೆಯನ್ನು ಎದುರಿಸುವ ಚೈತನ್ಯ ಅದಕ್ಕಿರುವುದಿಲ್ಲ.

ಇನ್ನು ಗಣಿತ. ಇದು ಯಾವುದಕ್ಕೆ ಬೇಕೆಂದು ಹೇಳದೆ ಕಲಿಸುವುದು ಎಂಜಿನಿಯರಿಂಗ್ ಶಿಕ್ಷಣದ ದೊಡ್ಡ ದೋಷ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಎರಡನೆಯ ದರ್ಜೆಯ ರೇಖೀಯ ಅವಕಲ ಸಮೀಕರಣವನ್ನು (ಡಿಫರೆನ್ಷಿಯಲ್ ಈಕ್ವೇಶನ್) ನೀವು ಒಂದು ಒಣ ವಿಧಿಯಾಗಿ ಕಲಿತಿರಬಹುದು. ಸ್ಪ್ರಿಂಗಿಗೆ ಕಟ್ಟಿದ ತೂಕ ಓಲಾಡಿ ನಿಲ್ಲುವುದನ್ನು ಹೇಳುವುದು ಆ ಸಮೀಕರಣವೇ. ಇಂಡಕ್ಟರ್, ರೆಸಿಸ್ಟರ್, ಕೆಪಾಸಿಟರ್ ಇರುವ ಸರ್ಕ್ಯೂಟಿನಲ್ಲಿ ವಿದ್ಯುತ್ ಓಲಾಡುವುದನ್ನು ಹೇಳುವುದೂ ಅದೇ. ದ್ರವ್ಯರಾಶಿಯ ಜಾಗದಲ್ಲಿ ಇಂಡಕ್ಟನ್ಸ್, ಓಲಾಟವನ್ನು ತಗ್ಗಿಸುವ ಡ್ಯಾಂಪರಿನ ಜಾಗದಲ್ಲಿ ರೆಸಿಸ್ಟನ್ಸ್, ಸ್ಪ್ರಿಂಗಿನ ಬಿಗಿತದ ಜಾಗದಲ್ಲಿ ಕೆಪಾಸಿಟನ್ಸ್‌ನ ವಿಲೋಮ ಕುಳಿತುಕೊಳ್ಳುತ್ತವೆ. ಒಂದನ್ನು ಬಲ್ಲವರಿಗೆ ಇನ್ನೊಂದು ಉಚಿತವಾಗಿ ಸಿಗುತ್ತದೆ. ಫ್ರೆಂಚ್ ಗಣಿತಜ್ಞ ಫೂರಿಯೇ 1822ರಲ್ಲಿ ಶಾಖದ ಹರಿವಿನ ಬಗ್ಗೆ ಪ್ರಕಟಿಸಿದ ಕೃತಿಯ ಸಮೀಕರಣ, ದ್ರವದಲ್ಲಿ ಬಣ್ಣ ಹರಡುವುದನ್ನೂ ವಿವರಿಸುತ್ತದೆ. ನಾಲ್ಕು ವರ್ಷಗಳಲ್ಲಿ ನೀವು ಓದುವ ಹತ್ತಾರು ವಿಷಯಗಳ ತಳದಲ್ಲಿ ಇರುವುದು ಇಂಥ ಬೆರಳೆಣಿಕೆಯ ಸಮೀಕರಣಗಳು. ಪ್ರತಿ ಸಮೀಕರಣವನ್ನು ಕಲಿಯುವಾಗ ಅದರ ಪ್ರತಿ ಪದದ ಕೆಳಗೆ, ಅದು ಭೌತಿಕವಾಗಿ ಏನು, ಅದರ ಏಕಮಾನ ಯಾವುದು ಎಂದು ಬರೆಯಿರಿ. ಎರಡು ಪದಗಳ ಏಕಮಾನಗಳು ಹೊಂದದಿದ್ದರೆ ಸಮೀಕರಣ ತಪ್ಪಾಗಿದೆ, ಉತ್ತರದ ಪುಟವನ್ನು ನೋಡಬೇಕಾಗಿಯೇ ಇಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಬಳಿ ಕಳೆದುಹೋಯಿತು. ಒಂದು ಸಾಫ್ಟ್‌ವೇರ್ ಪೌಂಡ್-ಬಲದ ಏಕಮಾನದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ನ್ಯೂಟನ್ ಎಂದು ತೆಗೆದುಕೊಂಡಿತ್ತು. ಎರಡಕ್ಕೂ ನಡುವಿನ ವ್ಯತ್ಯಾಸ 4.45 ಪಟ್ಟು.

ಇಲ್ಲಿಂದ ನಿಮ್ಮ ಹಿರಿಯ ವಿದ್ಯಾರ್ಥಿಗಳ ಮಾತಿಗೆ ಬರುತ್ತೇನೆ. ಕೆಲಸದಲ್ಲಿ ಸಾಫ್ಟ್‌ವೇರ್ ಲೆಕ್ಕ ಮಾಡುತ್ತದೆ ಎಂಬುದು ನಿಜ. ಅದರಿಂದ ನಿಮಗೆ ಗಣಿತ ಬೇಡ ಎಂಬ ತೀರ್ಮಾನ ಅಪಾಯಕಾರಿ. ಸಾಫ್ಟ್‌ವೇರ್ ನೀವು ಕೊಟ್ಟ ಮಾದರಿಯನ್ನು ಬಿಡಿಸುತ್ತದೆ. ಮಾದರಿ ಸರಿಯೇ ಎಂದು ಅದು ಕೇಳುವುದಿಲ್ಲ, ತಪ್ಪು ಮಾದರಿಗೂ ಅಷ್ಟೇ ಸುಂದರವಾದ ಬಣ್ಣದ ಚಿತ್ರ ಬಿಡಿಸಿ ಕೊಡುತ್ತದೆ. ನಾರ್ವೆಯ ಸ್ಲೈಪ್ನರ್ ಎ ಎಂಬ ಸಮುದ್ರ ತೈಲ ವೇದಿಕೆಯ ಬೃಹತ್ ಕಾಂಕ್ರೀಟ್ ತಳಪಾಯ 1991ರ ಆಗಸ್ಟ್ 23ರಂದು ಪರೀಕ್ಷೆಯ ವೇಳೆ ಮುಳುಗಿತು. ತನಿಖೆಯಲ್ಲಿ ಕಂಡದ್ದು: ರಚನೆಯನ್ನು ಸಣ್ಣ ಸಣ್ಣ ತುಂಡುಗಳ ಜಾಲರಿಯಾಗಿ ಒಡೆದು ಲೆಕ್ಕ ಮಾಡುವ ಕಂಪ್ಯೂಟರಿನ ಫೈನೈಟ್ ಎಲಿಮೆಂಟ್ ಮಾದರಿಯಲ್ಲಿ ಗೋಡೆಗಳು ಕೂಡುವ ಜಾಗದ ಜಾಲರಿ ಒರಟಾಗಿತ್ತು, ಹಾಗಾಗಿ ಅಲ್ಲಿನ ಕತ್ತರಿ ಒತ್ತಡ (ಶಿಯರ್ ಸ್ಟ್ರೆಸ್) ಶೇ 47ರಷ್ಟು ಕಡಿಮೆ ಅಂದಾಜಾಗಿತ್ತು. ಗೋಡೆಗಳ ದಪ್ಪ ಸಾಲಲಿಲ್ಲ. ಅವಘಡದ ಬಳಿಕ ಎಚ್ಚರದಿಂದ ಮಾಡಿದ ವಿಶ್ಲೇಷಣೆ 62 ಮೀಟರ್ ಆಳದಲ್ಲಿ ಒಡೆಯುತ್ತದೆ ಎಂದು ಹೇಳಿತು. ನಿಜವಾಗಿ ಒಡೆದದ್ದು 65 ಮೀಟರಿನಲ್ಲಿ. ಸಾಧನ ಸಮರ್ಥವಾಗಿಯೇ ಇತ್ತು. ಪರದೆಯ ಮೇಲಿನ ಅಂಕಿಯನ್ನು ಅನುಮಾನಿಸಿ, ಕೈಲೆಕ್ಕದಲ್ಲಿ ಸುಮಾರು ಎಷ್ಟಿರಬೇಕೆಂದು ನೋಡುವ ಒಬ್ಬರು ಬೇಕಿತ್ತು. ನಿಮ್ಮ ಪದವಿ ನಿಮ್ಮನ್ನು ಆ ಒಬ್ಬರನ್ನಾಗಿ ಮಾಡಬೇಕು. ಸಾಫ್ಟ್‌ವೇರನ್ನು ಖಂಡಿತ ಕಲಿಯಿರಿ, ಬೇಗನೆ ಕಲಿಯಿರಿ. ಆದರೆ ಬಟನ್ ಒತ್ತುವ ಮೊದಲು ನಿಮ್ಮ ಅಂದಾಜನ್ನು ಕಾಗದದಲ್ಲಿ ಬರೆದಿಡಿ, ಬಂದ ಉತ್ತರ ಅದಕ್ಕಿಂತ ಹತ್ತು ಪಟ್ಟು ಬೇರೆಯಾಗಿದ್ದರೆ ಎಲ್ಲಿ ಎಡವಿದ್ದು ಎಂದು ಪತ್ತೆಮಾಡುವವರೆಗೆ ಮುಂದೆ ಹೋಗಬೇಡಿ. ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳಿಗೂ ಇದೇ ಮಾತು. ಅವುಗಳಿಂದ ಪೂರ್ತಿ ಉತ್ತರ ಪಡೆಯುವುದು ಬಿಡಿಸಿದ ಲೆಕ್ಕವನ್ನು ಓದಿದಂತೆಯೇ. ನಿಮ್ಮ ಚಿತ್ರವನ್ನೂ ಊಹೆಗಳನ್ನೂ ಮುಂದಿಟ್ಟು ಲೋಪ ಎಲ್ಲಿದೆ ಎಂದು ಕೇಳಿದರೆ ಸ್ವಲ್ಪ ಪ್ರಯೋಜನವಿದೆ.

ಅಧ್ಯಾಪಕರ ಬಳಿಗೆ ಹೋಗಲು ನೀವು ಹಿಂಜರಿಯುತ್ತಿದ್ದೀರಿ ಎಂದು ನನ್ನ ಊಹೆ. ಪತ್ರದಲ್ಲಿ ಅವರ ಪ್ರಸ್ತಾಪವೇ ಇಲ್ಲ. ‘ಈ ಅಧ್ಯಾಯ ಅರ್ಥವಾಗಲಿಲ್ಲ’ ಎಂದು ಹೋದರೆ ಅವರು ಪಾಠವನ್ನೇ ಮತ್ತೊಮ್ಮೆ ಹೇಳುತ್ತಾರೆ, ನಿಮಗೆ ಮತ್ತೆ ಅರ್ಥವಾದಂತೆ ಅನ್ನಿಸುತ್ತದೆ. ಅರ್ಧ ಬಿಡಿಸಿದ ಹಾಳೆಯನ್ನು ಹಿಡಿದು ಹೋಗಿ, ‘ಇಲ್ಲಿ ಘರ್ಷಣೆಯ ದಿಕ್ಕನ್ನು ಎಡಕ್ಕೆ ತೆಗೆದುಕೊಂಡೆ, ಏಕೆಂದರೆ ಹೀಗೆ, ಇಲ್ಲಿಂದ ಮುಂದೆ ಸಾಗಲಿಲ್ಲ’ ಎನ್ನಿ. ಹಾಗೆ ಬಂದ ವಿದ್ಯಾರ್ಥಿಗೆ ಸಮಯ ಕೊಡದ ಅಧ್ಯಾಪಕರು ಅಪರೂಪ. ಗೆಳೆಯರ ಗುಂಪಿನಲ್ಲಿ ಓದುವುದಿದ್ದರೂ ಒಂದು ನಿಯಮವಿರಲಿ: ಪ್ರತಿಯೊಬ್ಬರೂ ಒಂಟಿಯಾಗಿ ಪ್ರಯತ್ನಿಸಿದ ಮೇಲೆಯೇ ಕೂಡುವುದು. ಚುರುಕಾದ ಒಬ್ಬರು ಬಿಡಿಸಿ ಉಳಿದವರು ಬರೆದುಕೊಳ್ಳುವ ಗುಂಪಿನಲ್ಲಿ ಆ ಒಬ್ಬರೇ ಕಲಿಯುತ್ತಾರೆ.

ಪ್ರಯೋಗಾಲಯವನ್ನು ದಾಖಲೆ ಪುಸ್ತಕ ತುಂಬಿಸುವ ಜಾಗವೆಂದು ನೋಡಬೇಡಿ. ಸಿದ್ಧಾಂತ ಹೇಳಿದ ಸಂಖ್ಯೆಗೂ ಅಳೆದ ಸಂಖ್ಯೆಗೂ ವ್ಯತ್ಯಾಸ ಬಂದಾಗ ಅಂಕಿಯನ್ನು ತಿದ್ದುವ ಚಾಳಿ ಬಹಳ ಕಡೆ ಇದೆ. ಅದು ಅಪ್ರಾಮಾಣಿಕತೆ ಮಾತ್ರವಲ್ಲ, ಕಲಿಯುವ ಅವಕಾಶವನ್ನೇ ಕೈಯಾರೆ ಕಳೆದುಕೊಂಡಂತೆ. ಆ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕುವಾಗಲೇ ಪಾಠದಲ್ಲಿ ‘ಘರ್ಷಣೆ ಇಲ್ಲವೆಂದು ಭಾವಿಸೋಣ’ ಎಂದದ್ದರ ಬೆಲೆ ತಿಳಿಯುವುದು.

ಬಾಕಿ ಉಳಿದ ಎರಡು ವಿಷಯಗಳನ್ನು ‘ಆಮೇಲೆ ನೋಡಿಕೊಂಡರಾಯಿತು’ ಎಂದು ಮುಂದೂಡಬೇಡಿ. ಬೇರೆ ಯಾವ ವಿಷಯ ಬಾಕಿಯಾಗಿದ್ದರೂ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ವಸ್ತುಗಳ ಬಲ, ದ್ರವಗಳ ಚಲನೆ, ಯಂತ್ರಗಳ ಕಂಪನ, ಶಾಖ ವರ್ಗಾವಣೆ, ನಿಯಂತ್ರಣ ವ್ಯವಸ್ಥೆ, ಸಿಗ್ನಲ್‌ಗಳು, ಹೀಗೆ ನೀವು ಯಾವ ವಿಭಾಗದಲ್ಲಿದ್ದರೂ ಮುಂದಿನ ವಿಷಯಗಳು ಇವೆರಡರಲ್ಲಿ ಒಂದರ ಮೇಲಾದರೂ ನಿಂತಿರುತ್ತವೆ. ರಜೆಯಲ್ಲೇ ಕೆಲಸ ಆರಂಭಿಸಿ, ಮೆಕ್ಯಾನಿಕ್ಸ್ ಮೊದಲು. ಸಮತೋಲನದ ಅಧ್ಯಾಯವೊಂದಕ್ಕೇ ಎರಡು ವಾರ ಕೊಟ್ಟರೂ ಹೆಚ್ಚಾಗದು. ಟ್ರಸ್ (ಸರಳುಗಳನ್ನು ಜೋಡಿಸಿದ ಚೌಕಟ್ಟು), ಘರ್ಷಣೆ ಎಲ್ಲವೂ ಅದರ ವಿಸ್ತರಣೆಗಳೇ. ಆ ಲೆಕ್ಕಗಳಲ್ಲಿ ತ್ರಿಕೋನಮಿತಿಯೋ ಸಮಾಕಲನವೋ ತಡೆಯುತ್ತಿದ್ದರೆ ಶಾಲೆಯ ಪುಸ್ತಕವನ್ನೇ ತೆರೆದು ಸರಿಪಡಿಸಿಕೊಳ್ಳಿ, ಅದರಲ್ಲಿ ಅವಮಾನವೇನೂ ಇಲ್ಲ. ಗಣಿತದಲ್ಲಿ ಅವಕಲ ಸಮೀಕರಣ ಮತ್ತು ಮ್ಯಾಟ್ರಿಕ್ಸ್ ಈ ಎರಡನ್ನು ಆಳವಾಗಿ ಹಿಡಿಯಿರಿ. ಉಳಿದವನ್ನು ತೇರ್ಗಡೆಗೆ ಬೇಕಾದಷ್ಟು ಮಾಡಿದರೆ ಸದ್ಯಕ್ಕೆ ಸಾಕು. ಹೊಸ ಸೆಮಿಸ್ಟರಿಗೆ ವಿಷಯಗಳನ್ನು ಕಡಿಮೆ ಮಾಡಿಕೊಳ್ಳಲು ನಿಮ್ಮ ವಿಶ್ವವಿದ್ಯಾಲಯದ ನಿಯಮ ಬಿಡುವುದಾದರೆ ಒಂದನ್ನು ಕಡಿಮೆ ಮಾಡಿಕೊಳ್ಳಿ. ಪದವಿ ಅರ್ಧ ವರ್ಷ ತಡವಾದರೂ ನಷ್ಟವಿಲ್ಲ. ಸಡಿಲವಾದ ತಳಪಾಯದ ಮೇಲೆ ಮೂರು ವರ್ಷ ಏಗುವುದು ಅದಕ್ಕಿಂತ ಬಹಳ ದುಬಾರಿ.

ಕ್ಷೇತ್ರ ನಿಮ್ಮದೇ ಅಲ್ಲವೇ ಎಂಬ ಪ್ರಶ್ನೆಗೆ, ಈ ರೀತಿಯಲ್ಲಿ ಒಂದು ಸೆಮಿಸ್ಟರ್ ಓದಿದ ನಂತರ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಿ. ಮೊದಲನೆಯದು, ಕಂಡರಿಯದ ಲೆಕ್ಕವೊಂದು ಬಂದಾಗ ಹತ್ತು ನಿಮಿಷದೊಳಗೆ ಚಿತ್ರ ಬರೆದು ತಿಳಿಯದ್ದನ್ನು ಗುರುತಿಸಲು ಆಗುತ್ತಿದೆಯೇ? ಆಗುತ್ತಿದ್ದರೆ ಸಾಮರ್ಥ್ಯದ ಪ್ರಶ್ನೆ ಮುಗಿಯಿತು, ಅಂಕಗಳು ಹಿಂದೆಯೇ ಬರುತ್ತವೆ. ಎರಡನೆಯದು, ಸೇತುವೆಯನ್ನೋ ಮೋಟರನ್ನೋ ಕಂಡಾಗ ಅದು ಹೇಗೆ ನಿಂತಿದೆ, ಹೇಗೆ ತಿರುಗುತ್ತಿದೆ ಎಂದು ತಿಳಿಯುವ ಆಸೆ ಹುಟ್ಟುತ್ತಿದೆಯೇ? ಲೆಕ್ಕ ಬರುತ್ತಿದ್ದರೂ ಆ ಆಸೆ ಒಮ್ಮೆಯೂ ಹುಟ್ಟದಿದ್ದರೆ ಬೇರೆ ಪದವಿಗೆ ಬದಲಾಯಿಸುವುದು ಸರಿಯಾದ ನಿರ್ಧಾರ. ಆಗ ಸೋತು ಹೊರಟೆ ಎಂದು ಯಾರೂ ಹೇಳಲಾರರು, ನೀವೂ ಹೇಳಿಕೊಳ್ಳಬೇಕಿಲ್ಲ. ವಿಭಾಗ ಬದಲಾವಣೆಗೆ, ಕ್ರೆಡಿಟ್ ವರ್ಗಾವಣೆಗೆ ಕೊನೆಯ ದಿನಾಂಕ ಯಾವುದೆಂದು ಈಗಲೇ ಕಚೇರಿಯಲ್ಲಿ ವಿಚಾರಿಸಿ ಬರೆದಿಟ್ಟುಕೊಳ್ಳಿ, ಆ ದಿನದ ಎರಡು ವಾರ ಮೊದಲು ಈ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಅಲ್ಲಿಯವರೆಗೆ ಆ ಯೋಚನೆಯನ್ನು ಬದಿಗಿಟ್ಟು, ಒರಟು ಗೋಡೆಗೆ ಒರಗಿದ ಏಣಿಯ ಚಿತ್ರ ಬರೆಯಿರಿ. ತಿಳಿಯದ ಬಲಗಳು ನಾಲ್ಕಿದ್ದರೂ, ಏಣಿ ಎರಡು ಕಡೆಯೂ ಒಮ್ಮೆಗೇ ಜಾರುವ ಅಂಚಿನಲ್ಲಿದೆ ಎಂದು ಭಾವಿಸಿದರೆ ಸಮತೋಲನದ ಸಮೀಕರಣಗಳಿಂದಲೇ ಲೆಕ್ಕ ಬಿಡಿಸಬಹುದು. ಏಕೆ ಎಂಬುದನ್ನು ಕಂಡುಕೊಂಡರೆ ನಿಮ್ಮ ರಜೆಯ ಮೊದಲ ದಿನದ ಕೆಲಸ ಆದಂತೆ.